ಕೋವಿ ಕೊಡದ ಮೇಸ್ತ್ರಿ

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಹಳೇ ಟ್ರ್ಯಾಕ್ಟರ್ ಯಾರ್ಡ್ ಇದೆ. ಕೊಳ್ಳೋದು, ಬಣ್ಣ ಹೊಡೆಸೋದು, ಮಾರೋದು. ಆದರೆ ಅಲ್ಲಿಗೆ ಆಗಾಗ ಬೇರೆ ಥರದ ಗಿರಾಕಿಗಳೂ ಬರುತ್ತಾರೆ. ‘ಅಣ್ಣ, ಒಂದು ಕೋವಿ ತಗಳ್ಳಾಣ ಅಂತ ಐತೆ. ಲೈಸೆನ್ಸಿಗೆ ಯಾರನ್ನ ಹಿಡೀಬೇಕು?’ ಅನ್ನುತ್ತಾರೆ. ಹೊಸದಾಗಿ ನಾಲ್ಕು ಕಾಸು ನೋಡಿದವರು, ಗುತ್ತಿಗೆ ಹಿಡಿದವರು, ಪಂಚಾಯ್ತಿಗೆ ನಿಲ್ಲಬೇಕು ಅಂದುಕೊಂಡವರು. ನಾನು ಟೀ ತರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ‘ಕೋವಿ ಮನೆಗೆ ಬಂದ ದಿನ ಅದನ್ನ ಇಟ್ಕಂಡು ಏನು ಮಾಡ್ತೀಯಪ್ಪ?’ ಹಂದಿ ಅಂತಾರೆ, ಕರಡಿ ಅಂತಾರೆ, ತೋಟ ಅಂತಾರೆ. ಬಾಯಿ ಹಂದಿ ಅನ್ನುವಾಗ ಕೈ ಜೇಬಿನ ಮೊಬೈಲ್ ಸವರುತ್ತಿರುತ್ತದೆ.

ಈ ಪ್ರಶ್ನೆ ನನ್ನದಲ್ಲ. ಚಿತ್ರದುರ್ಗದ ಹಳೇ ಬೀದಿಯೊಂದರಲ್ಲಿ ಕೋವಿ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದ ಒಬ್ಬರದು. ಎಲ್ಲರೂ ಅವರನ್ನು ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ನಾನು ಸಾಯಬೇಕು ಅಂತ ನನ್ನದೇ ಕೋವಿಯನ್ನು ವಾಪಸ್ ಕೇಳಲು ಹೋಗಿದ್ದೆ, ಅವರು ಕೊಡಲಿಲ್ಲ. ಕೊಡದೆ ಇದ್ದದ್ದಕ್ಕೆ ಅವರ ಅಂಗಡಿ ಹೋಯಿತು. ಅದನ್ನು ಕಳೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರದಲ್ಲಿ ಗಾಡಿಯ ದೋಷ ಕೊನೆಗೆ ಹೇಳುವವನು ನಾನು, ಇಲ್ಲಿ ಆ ಬುದ್ಧಿ ಬೇಡ.

ಮೇಸ್ತ್ರಿಯ ಅಂಗಡಿ ಮೊದಲು ಕ್ಷೌರದಂಗಡಿಯಾಗಿತ್ತಂತೆ. ಹೋದವನು ಗೋಡೆಗೆ ಕಚ್ಚಿಸಿದ್ದ ಆಳೆತ್ತರದ ಕನ್ನಡಿ ಬಿಟ್ಟು ಹೋಗಿದ್ದ. ಮೇಸ್ತ್ರಿ ಅದನ್ನು ಕೀಳಿಸಲಿಲ್ಲ. ಹೊಸಬ ಯಾರು ಬಂದರೂ ಖಾಲಿ ಕೋವಿ ಒಂದನ್ನು ಕೈಗೆ ಕೊಟ್ಟು, ತಾವು ಏನೋ ಹುಡುಕುವವರ ಹಾಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಬೆನ್ನು ಮಾಡಿದರೂ ಕಿವಿ ಇತ್ತಲ್ಲ. ಕೋವಿ ಮುರಿದು, ಅಂದರೆ ನಡುವೆ ಬಗ್ಗಿಸಿ ತೆರೆದು, ಒಳಗೆ ನೋಡಿದ ಸದ್ದು ಬಂದರೆ ತಿರುಗಿ ‘ಬರ್ರಿ, ಕುಂತ್ಕಳ್ರಿ’ ಅನ್ನುತ್ತಿದ್ದರು. ಸದ್ದೇ ಬರದಿದ್ದರೆ, ಅವನು ಕನ್ನಡಿ ಮುಂದೆ ನಿಂತಿದ್ದಾನೆ ಅಂತ ಅರ್ಥ.

ಒಂದು ಸಲ ಹೊಳಲ್ಕೆರೆ ಕಡೆಯ ಗುತ್ತಿಗೆದಾರನೊಬ್ಬ ಬಿಳೀ ಶರ್ಟು, ಬಿಳೀ ಪ್ಯಾಂಟು, ಬಿಳೀ ಚಪ್ಪಲಿಯಲ್ಲಿ ಬಂದ. ಕೋವಿಯನ್ನು ಹೆಗಲಿಗೆ, ಆಮೇಲೆ ಸೊಂಟಕ್ಕೆ, ಆಮೇಲೆ ಅಡ್ಡಡ್ಡ ಹಿಡಿದು ನೋಡಿಕೊಂಡ.

‘ಇದು ಉದ್ದ ಜಾಸ್ತಿ ಆಯ್ತು ಮೇಸ್ತ್ರಿ. ಕಾರ್ ಡ್ಯಾಶ್‌ಬೋರ್ಡ್ ಮ್ಯಾಲೆ ಕೂರಂಗೆ ಯಾವುದೈತೆ?’

‘ಮೂಲೇ ಸ್ಟುಡಿಯೋದಾಗೆ ಒಂದು ಮರದ ಕೋವಿ ಐತೆ ನೋಡಪ್ಪ. ನಾಟಕದೋರು ಬಿಟ್ಟೋಗಿದ್ದು. ಬಾಡಿಗೆ ಕಮ್ಮಿ. ಲೈಸೆನ್ಸು ಬ್ಯಾಡ, ಎಣ್ಣೆ ಬ್ಯಾಡ, ಮನೇಲಿ ಹೆಂಗಸ್ರಿಗೆ ಭಯ ಬ್ಯಾಡ.’

ಅವನು ಸಿಟ್ಟಾಗಿ ಹೋದ. ಅದೇ ವಾರ ಶಾಲೆಯ ಮೇಡಂ ಒಬ್ಬರು ಗುರಿ ಹೊಡೆಯೋದು ಕಲೀಬೇಕು ಅಂತ ಬಂದು, ಕೋವಿ ಮುಟ್ಟುವ ಮೊದಲು ‘ಇದರೊಳಗೆ ಸ್ಪ್ರಿಂಗ್ ಎಲ್ಲಿ ಕೂತಿರುತ್ತೆ?’ ಅಂತ ಕೇಳಿದರಂತೆ. ಮೇಸ್ತ್ರಿ ಬಾಗಿಲು ಅರ್ಧ ಎಳೆದು, ಮಧ್ಯಾಹ್ನವಿಡೀ ಒಂದು ಹಳೇ ಕೋವಿ ಬಿಚ್ಚಿ ಚಾಪೆ ಮೇಲೆ ಹರಡಿ ತೋರಿಸಿದ್ದರು. ಆ ವಿಷಯ ಹೇಳುವಾಗ ಅವರ ಮುಖ ನೋಡಬೇಕಿತ್ತು, ಮೊಮ್ಮಗಳು ಬಂದು ಹೋದಳೇನೋ ಅನ್ನುವಂತೆ. ‘ಕೊಳ್ಳಲಿಲ್ಲ ಕಣಪ್ಪ ಆಯಮ್ಮ. ಆದ್ರೂ ಅಂಗಡಿಗೆ ಬಂದೋರು ಅಂದ್ರೆ ಆಯಮ್ಮನೇ.’

ಕೊಡೆ ಹಿಡಿದು ನಡೆವಾಗಲೂ ಅವರು ಅದರ ಮೊನೆ ನೆಲಕ್ಕೆ ಮಾಡಿಯೇ ನಡೆಯುತ್ತಿದ್ದರು. ಪೊರಕೆಯನ್ನೂ ಯಾರ ಕಡೆಗೂ ತೋರಿಸುತ್ತಿರಲಿಲ್ಲ. ‘ಬಾಯಿ ಎಲ್ಲೈತೆ ನೋಡ್ಕ’ ಅನ್ನೋದು ಅವರ ಮಾತು. ಕೋವಿಯ ಬಾಯಿ ಯಾವ ಕಡೆಗಿದೆ ಅನ್ನೋದನ್ನು ಹಿಡಿದವನು ನಿದ್ದೆಯಲ್ಲೂ ತಿಳಿದಿರಬೇಕು ಅಂತ.

ನಾನು ಅವರಲ್ಲಿಗೆ ಹೋದಾಗ ಕನ್ನಡಿ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಜವನಗೊಂಡನಹಳ್ಳಿಯಿಂದ ಬರಿಗಾಲಲ್ಲಿ ಬಂದು ಪಂಕ್ಚರ್ ಅಂಗಡಿಯಲ್ಲಿ ಟಯರ್ ಉರುಳಿಸಿದವನು ನಾನು. ಯಾರ್ಡ್ ಆಯಿತು, ಮನೆ ಆಯಿತು, ಬಿ.ದುರ್ಗದ ಕಡೆ ಎಂಟೆಕರೆ ತೋಟ ಆಯಿತು. ಆದರೂ ದೊಡ್ಡೋರ ಮದುವೆಗಳಲ್ಲಿ ‘ಆ ಹಳೇ ಟ್ರ್ಯಾಕ್ಟರ್‌ನೋನು’ ಅಂತಲೇ ಕರೆಯುತ್ತಿದ್ದರು. ತೋಟಕ್ಕೆ ಹಂದಿ ಬರುತ್ತಿದ್ದದ್ದು ನಿಜ, ಅರ್ಜಿಯಲ್ಲಿ ಅದನ್ನೇ ಬರೆಸಿದೆ. ಹಂದಿ ಓಡಿಸಲು ತಂತಿಬೇಲಿ ಸಾಕಿತ್ತು. ನನಗೆ ಬೇಕಾಗಿದ್ದದ್ದು ಜೋಡು ನಳಿಗೆಯ ಕೋವಿ ಹೆಗಲ ಮೇಲಿಟ್ಟುಕೊಂಡು ಜೀಪಿನಿಂದ ಇಳಿಯೋದು.

ಬೆಲೆ ಕೇಳಿದೆ. ಹೇಳಿದರು. ನಾನು ಅರ್ಧಕ್ಕೆ ಕೇಳಿದೆ. ಆಮೇಲೆ ಸ್ವಲ್ಪ ಏರಿದೆ. ಎದ್ದು ಬಾಗಿಲ ತನಕ ಹೋಗಿ ನಿಂತೆ. ನನ್ನ ಎಲ್ಲಾ ಪಟ್ಟುಗಳನ್ನೂ ಹಾಕಿದೆ. ಮೇಸ್ತ್ರಿ ಅಲ್ಲಾಡಲಿಲ್ಲ.

‘ಒಂದು ರೂಪಾಯೂ ಬಿಡಲ್ವ?’

‘ಬಿಟ್ರೆ ನೀನು ತಗಂಡೇ ತಗಂತೀಯ. ಅದಕ್ಕೇ ಬಿಡಲ್ಲ.’

ಇದು ಮಾರುವವನ ಹೊಸ ವರಸೆ ಅಂದುಕೊಂಡು, ಸೋಲಬಾರದು ಅಂತ ಪೂರ್ತಿ ಬೆಲೆ ಕೊಟ್ಟು ತಂದೆ. ಜೀವಮಾನದಲ್ಲಿ ಹೇಳಿದ ಬೆಲೆಗೆ ನಾನು ಕೊಂಡದ್ದು ಅದೊಂದೇ. ಕೊಡುವಾಗ ಅವರು ಹತ್ತು ಮಾತು ಹೇಳಿದರು. ಅದರಲ್ಲಿ ಒಂದು: ‘ಆಯುಧಪೂಜೆಗೆ ಕೋವಿ ಮುರಿದು ಇಡಬೇಕು. ಹೊಟ್ಟೆ ಖಾಲಿ ಐತೆ ಅಂತ ನಾಲ್ಕು ಜನಕ್ಕೆ ಕಾಣಬೇಕು. ಕುಂಕುಮ ಬರೀ ಮರದ ಭಾಗಕ್ಕೆ. ಹೂವು ಬ್ಯಾಡವೇ ಬ್ಯಾಡ.’ ನಾನು ತಲೆ ಆಡಿಸಿದೆ. ಕೇಳಿಸಿಕೊಳ್ಳಲಿಲ್ಲ.

ನಮ್ಮಲ್ಲಿ ಖಾಲಿ ಕೊಡಕ್ಕೆ ಪೂಜೆ ಮಾಡಲ್ಲ. ಗಲ್ಲಾಪೆಟ್ಟಿಗೆಯನ್ನೂ ಖಾಲಿ ಇಟ್ಟು ಆರತಿ ಎತ್ತಲ್ಲ, ಒಂದು ನಾಣ್ಯವಾದರೂ ಒಳಗಿರಬೇಕು. ಆ ವರ್ಷ ಆಯುಧಪೂಜೆಯ ದಿನ ಯಾರ್ಡಿನ ಟ್ರ್ಯಾಕ್ಟರುಗಳಿಗೆಲ್ಲ ಬಾಳೆಕಂದು ಕಟ್ಟಿಸಿ, ನಡುವೆ ಹಲಗೆ ಮೇಲೆ ಕೋವಿ ಇಟ್ಟಾಗ ನನಗೆ ಅದೇ ಲೆಕ್ಕ ಹೊಳೆಯಿತು. ಖಾಲಿ ಕೋವಿಗೆ ಎಂಥಾ ಪೂಜೆ? ಗುಂಡಿನ ಒಂದು ತೋಟಾ ಒಳಗೆ ಹಾಕಿದೆ. ಮುರಿದಿಟ್ಟರೆ ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಮುಚ್ಚಿದೆ. ಚೆಂಡುಹೂವಿನ ಹಾರ ಸುತ್ತಿದೆ. ಇಂಥ ದಡ್ಡತನ ಬೇರೆ ಯಾರೂ ಮಾಡಲ್ಲ, ಭಕ್ತಿಯೂ ಜಂಬವೂ ಸೇರಿದ ನಮ್ಮಂಥವರೇ ಮಾಡೋದು. ಈಗಲೂ ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದಾರೆ. ಇದನ್ನು ಓದುವವರು ದಯವಿಟ್ಟು ಬಿಡಿ.

ಪೂಜೆ ಮುಗಿದು ಕೆಲಸದವರು ಊಟಕ್ಕೆ ಕುಳಿತರು. ಪಕ್ಕದ ಗ್ಯಾರೇಜಿನಲ್ಲಿ ಪಟಾಕಿ ಸರ ಹೊಡೆಯುತ್ತಿದ್ದರು. ‘ಒಂದು ಫೋಟೋ ತೆಗಿಯಮ್ಮ’ ಅಂತ ಮಗಳ ಕೈಗೆ ಮೊಬೈಲ್ ಕೊಟ್ಟೆ. ಪಿಯುಸಿ ಎರಡನೇ ವರ್ಷ ಅವಳು, ಇರುವವಳು ಒಬ್ಬಳೇ. ನಾನು ಹಾರದ ಸಮೇತ ಕೋವಿ ಎತ್ತಿದೆ. ಹಾರದ ದಾರ ಕುದುರೆಗೆ, ಅಂದರೆ ಬೆರಳಲ್ಲಿ ಎಳೆಯುವ ಆ ಕೊಕ್ಕೆಗೆ, ಸಿಕ್ಕಿತ್ತು. ಗುಂಡು ನೆಲಕ್ಕೆ ಹೋಯಿತು. ನೆಲದ ಸಿಮೆಂಟಿನ ಒಂದು ಚೂರು ಹಾರಿ ಅವಳ ಎಡಗಣ್ಣಿಗೆ ಬಿತ್ತು.

ಆಸ್ಪತ್ರೆಯಲ್ಲಿ ಗ್ರೈಂಡಿಂಗ್ ಮಾಡುವಾಗ ಕಲ್ಲು ಸಿಡಿಯಿತು ಅಂತ ಹೇಳಿದೆವು. ಯಾರ್ಡಿನವನ ಮಾತು, ನಂಬಿದರು. ನಾನು, ನನ್ನ ಹೆಂಡತಿ, ಮಗಳು, ಮೂರೇ ಜನಕ್ಕೆ ಗೊತ್ತು. ಕಣ್ಣು ಉಳಿಯಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು, ಫಲಿತಾಂಶ ಆದ ಮೇಲೆ ವಾಪಸ್. ನಾನು ಮೇಸ್ತ್ರಿಗೆ ಒಪ್ಪಿಸಲು ಹೋದೆ. ಅವರು ಎಂದಿನಂತೆ ಕೋವಿ ಮುರಿದು, ನಳಿಗೆಗೆ ಮೂಗು ಹಿಡಿದರು. ಆಮೇಲೆ ಚಿಮಟದಿಂದ ಕುದುರೆಯ ಸಂದಿಯಿಂದ ಏನೋ ಎಳೆದು ಅಂಗೈ ಮೇಲಿಟ್ಟು ತೋರಿಸಿದರು. ಹಳದಿ ಬಣ್ಣ ಹತ್ತಿದ ಒಂದು ತುಂಡು ದಾರ.

‘ಯಾವಾಗ ಹೊಡೆದಿದ್ದು?’

‘ಹಂದಿ ಬಂದಿತ್ತು.’

‘ಹಂದಿಗೆ ಹಾರ ಹಾಕಿದ್ದೆಯೇನಪ್ಪ?’

ನಾನು ದಾರ ತಗೊಳ್ಳಲು ಕೈ ಚಾಚಿದೆ. ಅವರು ಅಂಗೈ ಮುಚ್ಚಿಕೊಂಡರು.

‘ಯಾರಿಗೆ ಬಿತ್ತು?’

‘ಮಗಳಿಗೆ’ ಅಂದೆ. ಹೊರಗಿನವರೊಬ್ಬರಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವರು ಬೈಯಲಿಲ್ಲ. ರಿಜಿಸ್ಟರಿನಲ್ಲಿ ನಂಬರ್ ಬರೆದುಕೊಂಡರು. ಬರೆಯುವಾಗ ಅಕ್ಷರ ಗೆರೆ ದಾಟಿ ಹೋಗುತ್ತಿತ್ತು.

ಮನೆಯಲ್ಲಿ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ತಡೆಯುತ್ತಿದ್ದೆನೇನೋ. ಮಗಳು ಟೀ ಬಗ್ಗಿಸುವಾಗ ಲೋಟದ ಅಂಚು ತಪ್ಪಿ ಮೇಜಿನ ಮೇಲೆ ಸುರಿಯುತ್ತಿತ್ತು. ಅವಳೇ ಬಟ್ಟೆ ತಂದು ಒರೆಸುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಒಂದು ಕ್ಷಣ ನಿಂತು ಕಾಲಿನಿಂದ ಅಂಚು ಹುಡುಕುತ್ತಿದ್ದಳು. ಹೆಂಡತಿ ಅವಳನ್ನು ಕರೆದುಕೊಂಡು ಹೊಸದುರ್ಗದ ಕಡೆ ತವರಿಗೆ ಹೋದಳು. ಹಾಲುರಾಮೇಶ್ವರದಲ್ಲಿ ಹರಕೆ ತೀರಿಸಿ ಬರ್ತೀವಿ ಅಂದವರು ವಾರವಾದರೂ ಬರಲಿಲ್ಲ. ಫಲಿತಾಂಶ ಬಂದ ಮಾರನೇ ದಿನ ನಾನು ಯಾರ್ಡಿನ ಕಾಗದ, ಗಾಡಿಗಳ ಆರ್‌ಸಿ, ಪಾಸ್‌ಬುಕ್ಕು ಎಲ್ಲಾ ಒಂದು ಬ್ಯಾಗಿಗೆ ಹಾಕಿ ಹೆಂಡತಿಗೆ ಸಿಗುವ ಕಡೆ ಇಟ್ಟು, ಚಿತ್ರದುರ್ಗದ ಬಸ್ಸು ಹತ್ತಿದೆ.

‘ಕೋವಿ ಕೊಡ್ರಿ ಮೇಸ್ತ್ರಿ.’

‘ಇಟ್ಟಿದ್ದಕ್ಕೆ ಬಾಡಿಗೆ ಕೊಡಬೇಕಲ್ಲಪ್ಪ.’

‘ಎಷ್ಟು?’

ಹೇಳಿದರು. ನಾನು ಎಣಿಸಿ ಇಟ್ಟೆ.

ಮೇಸ್ತ್ರಿ ನೋಟುಗಳನ್ನು ಮುಟ್ಟಲಿಲ್ಲ. ಒಂದು ಸಲ ನೋಟು ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. ನಾನು ಚೌಕಾಸಿ ಮಾಡಿರಲಿಲ್ಲ. ಒಳಗೆ ಹೋಗಿ ನನ್ನ ಕೋವಿ ತಂದು, ಎರಡು ಸಲ ಕ್ಲಿಕ್ ಅನ್ನಿಸಿ, ‘ತೋಟಾ ಕುಟ್ಟೋ ಪಿನ್ ಸವೆದೈತೆ. ಇಂಥದ್ದನ್ನ ಹೊರಗೆ ಕೊಟ್ರೆ ನನಗೆ ಕೆಟ್ಟ ಹೆಸರು. ನಾಳೆ ಬಾ’ ಅಂದರು.

ಮಾರನೇ ದಿನ ಹೋದರೆ ಪಿನ್ ಮಾರ್ಕೆಟ್ಟಿನಲ್ಲಿ ಸಿಗಲ್ಲ, ಕೈಯಲ್ಲೇ ಮಾಡಬೇಕು, ತನ್ನ ಕೈ ನಡುಗುತ್ತದೆ ಅಂದರು. ಒಂದು ಉಕ್ಕಿನ ಕಡ್ಡಿ, ಅದನ್ನು ಉಜ್ಜಲು ಒಂದು ಅರ ಮುಂದಿಟ್ಟು ‘ನಿನ್ನ ಕೋವಿ, ನೀನೇ ಅರೆ’ ಅಂದರು. ನಾನು ಹಟಕ್ಕೆ ಕುಳಿತೆ. ಈ ಪಿನ್ ಮುಗಿದರೆ ಕೆಲಸ ಮುಗಿಯಿತು ಅಂತ. ಸಂಜೆ ಐದಕ್ಕೆ ಅವರು ಅದನ್ನು ಬೆಳಕಿಗೆ ಹಿಡಿದು, ‘ಒಂದು ಕೂದಲೆಳೆ ಜಾಸ್ತಿ ತಿಂದೀಯ’ ಅಂತ ಡಬ್ಬಕ್ಕೆ ಎಸೆದರು. ಮಾರನೇ ದಿನ ಇನ್ನೊಂದು. ‘ಮೊನೆ ಸೊಟ್ಟ.’ ಮತ್ತೊಂದು. ‘ಇದು ಗುಂಡುಸೂಜಿ ಆಯ್ತಲ್ಲಪ್ಪ, ಹೆಂಡ್ತಿ ಸೆರಗಿಗೆ ಕೊಡು.’ ಹಿರಿಯೂರಿಂದ ದಿನಾ ಬೆಳಿಗ್ಗೆ ಬಸ್ಸು, ದಿನಾ ಸಂಜೆ ಬಸ್ಸು. ಬೆರಳ ತುದಿಯಲ್ಲಿ ಉಕ್ಕಿನ ಪುಡಿ ಹೋಗುತ್ತಿರಲಿಲ್ಲ.

ಅರೆಯುತ್ತಾ ಅರೆಯುತ್ತಾ ಆ ಕೋವಿಯೊಳಗೆ ಏನು ಎಲ್ಲಿ ಕೂತಿದೆ, ದಾರದ ಒಂದೆಳೆ ಎಳೆದರೆ ಏನು ಯಾವುದನ್ನು ನೂಕುತ್ತದೆ, ಎಲ್ಲಾ ತಿಳಿಯಿತು. ಕೊಂಡ ದಿನ ತಿಳಿಯಬೇಕಾಗಿದ್ದದ್ದು. ಆ ಮೇಡಂ ಒಂದೇ ಪ್ರಶ್ನೆಯಲ್ಲಿ ಕೇಳಿದ್ದದ್ದು.

ಒಂದು ದಿನ ಅರ ಕೆಳಗಿಟ್ಟು ಕೇಳಿಯೇಬಿಟ್ಟೆ. ‘ಮೇಸ್ತ್ರಿ, ಪಿನ್ ಸವೆದಿಲ್ಲ ಅಲ್ವ?’

‘ಇಲ್ಲ.’

‘ಮತ್ತೆ?’

‘ಹಿಂದೆ ಒಬ್ಬ ಬಂದಿದ್ದ. ನಿನ್ನಂಗೇ, ಕೇಳಿದಷ್ಟು ಎಣಿಸಿ ಇಟ್ಟ. ಪರವಾಗಿಲ್ಲ, ಒಳ್ಳೇ ಗಿರಾಕಿ ಅಂತ ಕೊಟ್ಟು ಕಳಿಸ್ದೆ. ಆ ಕೋವೀನ ನಾಲ್ಕನೇ ದಿನ ಪೊಲೀಸ್ನೋರು ತಂದು, ಇದು ನಿನ್ನ ಅಂಗಡೀದಾ ಅಂತ ಕೇಳಿದ್ರು.’ ಅಷ್ಟು ಹೇಳಿ ಅರವನ್ನು ಮತ್ತೆ ನನ್ನ ಕೈಗೆ ಕೊಟ್ಟರು. ‘ಅರೆ.’

ನನಗೆ ಅಳು ಬರಬೇಕಿತ್ತು. ಸಿಟ್ಟು ಬಂತು. ಒಬ್ಬ ಅಂಗಡಿಯವನು ನನ್ನನ್ನು ಇಷ್ಟು ದಿನ ಆಟ ಆಡಿಸಿದನಲ್ಲ ಅನ್ನುವ ಸಿಟ್ಟು. ನನ್ನ ವ್ಯಾಪಾರದ ಬುದ್ಧಿಯೇ ಹಾಗೆ, ಸಾಯಲು ಹೊರಟಾಗಲೂ ಸೋಲಲು ಒಪ್ಪಲಿಲ್ಲ. ನೆಟ್ಟಗೆ ಲೈಸೆನ್ಸ್ ಕೊಡುವ ಕಚೇರಿಗೆ ಹೋಗಿ, ಚುನಾವಣೆ ಮುಗಿದರೂ ನನ್ನ ಕೋವಿ ಹಿಂದಿರುಗಿಸುತ್ತಿಲ್ಲ, ಸುಳ್ಳು ಕಾರಣ ಹೇಳುತ್ತಿದ್ದಾರೆ ಅಂತ ದೂರು ಬರೆದುಕೊಟ್ಟೆ.

ಮೂರನೇ ದಿನ ಅಧಿಕಾರಿಗಳು ಅಂಗಡಿಗೆ ತಪಾಸಣೆಗೆ ಬಂದರು. ನನ್ನನ್ನೂ ಕರೆಸಿದ್ದರು. ರಿಜಿಸ್ಟರಿನಲ್ಲಿ ‘ದುರಸ್ತಿಗೆ’ ಅಂತಿತ್ತು. ಅವರ ಜೊತೆ ಬಂದಿದ್ದವನು ಕೋವಿ ಪರೀಕ್ಷಿಸಿ ಎಲ್ಲಾ ಸರಿ ಇದೆ ಅಂದ.

‘ಸರಿ ಇರೋ ಆಯುಧನ ಯಾಕ್ರಿ ಇಟ್ಕಂಡ್ರಿ?’ ಸಾಹೇಬರು ಕೇಳಿದರು.

ನಿಜ ಹೇಳಿದ್ದರೆ ಮೇಸ್ತ್ರಿ ಆ ಕ್ಷಣವೇ ಪಾರಾಗುತ್ತಿದ್ದರು. ಈ ಮನುಷ್ಯ ಸಾಯಲು ಹೊರಟಿದ್ದ ಅಂದರೆ ಸಾಕಿತ್ತು. ಆದರೆ ಯಾಕೆ ಸಾಯಲು ಹೊರಟಿದ್ದ ಅನ್ನೋದು ಅದರ ಹಿಂದೆಯೇ ಬರುತ್ತಿತ್ತು. ನನ್ನ ಮೇಲೆ ಕೇಸು, ಮುಚ್ಚಿಟ್ಟದ್ದಕ್ಕೆ ಇನ್ನೊಂದು ಕೇಸು, ನನ್ನ ಮಗಳು ಸಾಕ್ಷಿ. ಅವರು ನನ್ನ ಕಡೆ ಒಂದೇ ಸಲ ನೋಡಿದರು. ನಾನು ನೆಲ ನೋಡುತ್ತಿದ್ದೆ.

‘ಮರೆತೆ ಸಾರ್. ವಯಸ್ಸಾಯ್ತು’ ಅಂದರು.

ಕೋವಿ ಅಂಗಡಿಯವನು ಆಡಬಾರದ ಮಾತು ಅದೊಂದೇ. ಲೈಸೆನ್ಸು ಅಮಾನತಾಯಿತು. ಇದ್ದಬದ್ದ ಕೋವಿಗಳನ್ನೆಲ್ಲ ವ್ಯಾನಿಗೆ ಹಾಕಿಕೊಂಡರು, ನನ್ನದನ್ನೂ. ಬಾಗಿಲಿಗೆ ಸೀಲು ಬಿತ್ತು. ವ್ಯಾನು ಹೋದ ಮೇಲೆ ನಾವಿಬ್ಬರೇ ಕಟ್ಟೆ ಮೇಲೆ ಉಳಿದೆವು. ಅವರು ಟೋಪಿ ತೆಗೆದು ಮಂಡಿಗೆ ಬಡಿದು ಧೂಳು ಕೊಡವಿಕೊಂಡರು.

‘ಲೇ, ಸರ್ಕಾರದ ಬೀರು ಸೇರಿದ ಕೋವಿ ಆರು ತಿಂಗ್ಳು ಈಚೆಗೆ ಬರಲ್ಲ. ನಾನು ಅಷ್ಟು ದಿನ ಇಟ್ಕಳಾಕೆ ಆಗ್ತಿರಲಿಲ್ಲ. ಪಿನ್ನು ಎಷ್ಟು ಅಂತ ಅರೆಸಲಿ ನಿನ್ನ ಕೈಲಿ? ಒಳ್ಳೇ ಕೆಲಸನೇ ಮಾಡ್ದೆ.’ ಸ್ವಲ್ಪ ನಕ್ಕರು. ‘ಹೋಗು, ಹೊಸದುರ್ಗಕ್ಕೆ ಬಸ್ಸು ಐತೆ ಈಗ.’

ಜೀವನದಲ್ಲಿ ನೂರಾರು ಜನರ ಜೊತೆ ಚೌಕಾಸಿ ಮಾಡಿದ್ದೇನೆ. ತನ್ನ ಅಂಗಡಿ ಕೊಟ್ಟು ನನ್ನನ್ನು ಕೊಂಡವರು ಇವರೊಬ್ಬರೇ. ಅಷ್ಟು ಬೆಲೆ ನನ್ನದಲ್ಲ ಅಂತ ಅವರಿಗೆ ಗೊತ್ತಿರಲಿಲ್ಲವೇ? ನಾನು ಹೊಸದುರ್ಗದ ಬಸ್ಸು ಹತ್ತಿ, ಹೆಂಡತಿ ಮಗಳನ್ನು ಮನೆಗೆ ಕರೆತಂದೆ. ಸಾಯುವ ಯೋಚನೆ ಆ ದಿನವೇ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿತ್ತು, ಮೇಸ್ತ್ರಿಯ ಅಂಗಡಿ ಬಾಗಿಲು ತೆಗೆಸೋದು.

ಅಂಗಡಿ ಇಲ್ಲದ ಮೇಸ್ತ್ರಿಯನ್ನು ನೋಡಲು ಆಗುತ್ತಿರಲಿಲ್ಲ. ಮನೆ ಮುಂದೆ ಕುಳಿತು ಓಣಿಯವರ ಈಳಿಗೆಮಣೆ, ಕುಡುಗೋಲು ಮಸೆದು ಕೊಡುತ್ತಿದ್ದರು. ಕೈಗೆ ಕೆಲಸ ಇಲ್ಲದ ಹೊತ್ತಿನಲ್ಲಿ ಬೆರಳುಗಳು ಇಲ್ಲದ ಸ್ಕ್ರೂ ತಿರುಗಿಸುತ್ತಿದ್ದವು. ನಾನು ಟೇಬಲಿಂದ ಟೇಬಲಿಗೆ ಅಲೆದೆ, ಗೊತ್ತಿದ್ದವರ ಕೈಕಾಲು ಹಿಡಿದೆ. ಎಲ್ಲರೂ ಒಂದೇ ಮಾತು ಹೇಳಿದರು: ದೂರು ಕೊಟ್ಟವನು ನೀನು. ಅವರು ಯಾಕೆ ಇಟ್ಟುಕೊಂಡಿದ್ದರು ಅನ್ನೋದಕ್ಕೆ ಸರಿಯಾದ ಕಾರಣ ಬರಹದಲ್ಲಿ ಬಂದರೆ ಮಾತ್ರ ಪುನಃ ನೋಡಬಹುದು.

ಕಾರಣ ನನ್ನ ಹತ್ತಿರ ಇತ್ತು.

ಮೇಸ್ತ್ರಿಗೆ ಹೇಳಿದೆ. ‘ನಾನೇ ಎಲ್ಲಾ ಬರೆದು ಕೊಡ್ತೀನಿ.’

‘ಮಗಳನ್ನ ಕೇಳಿದೀಯಾ?’

‘ಇಲ್ಲ.’

‘ಮೊದ್ಲು ಅವಳನ್ನ ಕೇಳು. ಬಿದ್ದಿದ್ದು ಅವಳ ಕಣ್ಣಿಗೆ.’

ಕೇಳಲಿಲ್ಲ. ಅವಳ ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಮುಗಿಯಿತು. ಫಲಿತಾಂಶ ಬರಲಿ ಅಂದುಕೊಂಡೆ. ಬಂತು. ಕೇಸಾದರೆ ಯಾರ್ಡ್ ಏನಾಗುತ್ತೆ, ಅವಳ ಮದುವೆ ಏನಾಗುತ್ತೆ, ಲಾಭ ನಷ್ಟ ಹಾಕುತ್ತಲೇ ಕುಳಿತೆ. ಒಬ್ಬ ಗಿರಾಕಿಯ ಜೊತೆ ರೋಟವೇಟರಿನ ಬೆಲೆ ಮಾತಾಡುತ್ತಿದ್ದಾಗ ದುರ್ಗದಿಂದ ಫೋನು ಬಂತು. ಮೇಸ್ತ್ರಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ.

ಮಣ್ಣು ಮಾಡಿ ಬಂದವನು ಸ್ನಾನ ಕೂಡ ಮಾಡದೆ ಮಗಳನ್ನು ಹಿತ್ತಲಲ್ಲಿ ಕೂರಿಸಿಕೊಂಡು ಎಲ್ಲಾ ಹೇಳಿದೆ. ಬಸ್ಸು, ಪಿನ್ನು, ನಾನು ಯಾತಕ್ಕೆ ಕೋವಿ ಕೇಳಲು ಹೋಗಿದ್ದೆ ಅನ್ನೋದು, ದೂರು, ‘ಮರೆತೆ ಸಾರ್’ ಅಂದದ್ದು.

‘ಇಷ್ಟು ದಿನ ಯಾಕೆ ಕೇಳಲಿಲ್ಲ ಅಪ್ಪ?’ ಅಂದಳು. ಆಮೇಲೆ ಒಳಗೆ ಹೋಗಿ ಕಾಗದ ತಂದಳು. ಅವಳೇ ಬರೆದಳು. ಅಕ್ಷರ ದುಂಡಗೆ, ಗೆರೆ ನೇರ. ನಾನು ಸಹಿ ಹಾಕಿದೆ. ಕೆಳಗೆ ಅವಳೂ ಹಾಕಿದಳು.

ಇಬ್ಬರೂ ದುರ್ಗಕ್ಕೆ ಹೋದೆವು. ಅವಳು ಕಚೇರಿಯ ಮೆಟ್ಟಿಲ ಮೇಲೆ ಕುಳಿತಳು, ನಾನು ಒಳಗೆ ಹೋದೆ. ಗುಮಾಸ್ತರು ಪೂರ್ತಿ ಓದಿದರು. ಒಳ್ಳೆಯವರು, ಓದಿ ಕನ್ನಡಕ ತೆಗೆದರು.

‘ಯಜಮಾನರು ತೀರ್ಕಂಡ್ರು ಅಂತ ಬಂದೈತೆ. ಫೈಲು ಮುಚ್ಚಿದೀವಿ. ಇದನ್ನ ನಾನು ಎಲ್ಲಿಗೆ ಸೇರಿಸಲಿ ಹೇಳ್ರಿ?’

‘ಅವರ ಹೆಸರಿಗೆ ಹತ್ತಿದ ಮಸಿ ಹೋದ್ರೆ ಸಾಕು ಸಾರ್.’

‘ಇಲ್ಲದೋರ ಲೈಸೆನ್ಸ್ ಬಗ್ಗೆ ಮರುಪರಿಶೀಲನೆ ಇಲ್ರಿ. ಸುಮ್ನೆ ನಿಮ್ಮ ಮೈಮ್ಯಾಲೆ ಎಳ್ಕತೀರ. ಮಗಳ ಮುಖ ನೋಡಿಯಾದ್ರೂ ತಗಂಡು ಹೋಗ್ರಿ.’

ಕಾಗದ ಮಡಚಿ ನನ್ನ ಕೈಗೇ ಕೊಟ್ಟರು. ಹೊರಗೆ ಬಂದೆ. ನಿಜ ಹೇಳಬೇಕು, ಎದೆಯ ಯಾವುದೋ ಮೂಲೆಯಲ್ಲಿ ಉಸಿರು ಸಲೀಸಾಯಿತು. ಕೊಡಲು ಹೋದೆ, ತಗೊಳ್ಳಲಿಲ್ಲ, ಇನ್ನು ನಾನೇನು ಮಾಡಲಿ ಅನ್ನುವ ಸಮಾಧಾನ. ಅಂಥ ಸಮಾಧಾನ ಬಂದಾಗ ಹುಷಾರಾಗಿರಿ ಅಂತ ಯಾರಿಗಾದರೂ ಹೇಳಬಲ್ಲೆ ಈಗ.

ಮಗಳು ಎದ್ದು ನಿಂತಳು. ‘ತಗಂಡ್ರಾ?’

‘ಇಲ್ಲ. ಫೈಲು ಮುಚ್ಚೈತಂತೆ.’

ಅವಳು ನನ್ನನ್ನು ನೋಡಲು ಮುಖವನ್ನು ಪೂರ್ತಿ ಈ ಕಡೆ ತಿರುಗಿಸಿದಳು. ಹಾಗೆ ತಿರುಗಿಸಿದರೇ ಅವಳಿಗೆ ನಾನು ಕಾಣೋದು. ನನ್ನ ಮುಖದಲ್ಲಿದ್ದ ಸಮಾಧಾನವೂ ಕಂಡಿರಬೇಕು.

‘ಅವರ ಫೈಲು ಮುಚ್ಚೈತೆ’ ಅಂದಳು. ‘ನಮ್ಮದು ಇನ್ನೂ ತೆಗೆದೇ ಇಲ್ವಲ್ಲ. ಸ್ಟೇಷನ್ನಿಗೆ ಹೋಗಾಣ ನಡಿ.’

ಕಾಗದ ನನ್ನ ಕೈಯಿಂದ ತಗೊಂಡು ಮುಂದೆ ನಡೆದಳು. ರಸ್ತೆಯಲ್ಲಿ ಲಾರಿಗಳು ಬರುತ್ತಿದ್ದವು. ನಾನು ಓಡಿಹೋಗಿ ಅವಳ ಎಡಗಡೆ ಸೇರಿಕೊಂಡೆ.